ಅಣ್ಣನಿಗೆ, 1981

ಇವತ್ತು ಕಪಾಟಿಗೆ ಎರಡು ರೆಕಾರ್ಡ್ ಸೇರಿದವು. ಬೀಟಲ್ಸ್‌ನ ‘ಅಬ್ಬಿ ರೋಡ್’ ಹೊಸದು. ಪಿಂಕ್ ಫ್ಲಾಯ್ಡ್‌ನ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಸೆಕೆಂಡ್ ಹ್ಯಾಂಡ್, ಸಂಡೇ ಬಜಾರ್‌ನ ರಾಶಿಯಲ್ಲಿ ಸಿಕ್ಕಿದ್ದು. 1973ರ ಆಲ್ಬಮ್, ಆದರೆ ಇದು ಕಲ್ಕತ್ತಾದ ಡಮ್ ಡಮ್‌ನಲ್ಲಿ ಒತ್ತಿದ ಪ್ರತಿ.

ಕವರಿನ ಮೂಲೆಯಲ್ಲಿ ನೀಲಿ ಇಂಕು: ‘ಅಣ್ಣನಿಗೆ, 1981’. ಹೆಸರಿಲ್ಲ.

ಎರಡನೇ ಬದಿ ಹಾಕಿದೆ. ‘ಮನಿ’ ಶುರುವಾಗುವಾಗ ಚಿಲ್ಲರೆ ಕಾಸಿನ ಸದ್ದು ಬರುತ್ತದಲ್ವಾ, ಅದರ ಮಧ್ಯೆ ಗೀರುಗಳ ಚಟಪಟ. ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ! ಮೊದಲನೇ ಬದಿಯಲ್ಲಿ ಅಷ್ಟು ಗೀರಿಲ್ಲ. ಅಣ್ಣ ಇದನ್ನೇ ಜಾಸ್ತಿ ಕೇಳಿರಬೇಕು.

ಯಾಕೆ ಮಾರಿದನೋ. ಮಾರಿದ್ದು ಅವನೇನಾ, ಇಲ್ಲಾ ಮನೆ ಖಾಲಿ ಮಾಡುವಾಗ ಮಕ್ಕಳಾ?

ಹೊಸದರ ಪ್ಲಾಸ್ಟಿಕ್ ಇನ್ನೂ ಬಿಚ್ಚಿಲ್ಲ. ಮುಳ್ಳು ಎತ್ತಿ ಮತ್ತೆ ಅದೇ ಹಾಡಿಗೆ ಇಟ್ಟಿದ್ದೇನೆ.