ಬ್ಯಾಟರಿಯ ಮೇಲೆ ಬಂದ ಅಪವಾದ

ನಮ್ಮ ಸ್ಟೋರಿನ ಮೂಲೆಯಲ್ಲಿ ಒಂದು ಲಾಟ್ ಬ್ಯಾಟರಿ ಕೆಂಪು ಟ್ಯಾಗ್ ಹಾಕಿಸಿಕೊಂಡು ಕೂತಿದೆ. ಒಂದರಲ್ಲೂ ದೋಷ ಇಲ್ಲ. ರಿಜೆಕ್ಷನ್ ನೋಟಿನ ಕೆಳಗಿರುವ ಸಹಿ ನನ್ನದು.

ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಯೂನಿಟ್‌ನಲ್ಲಿ ನಾನು ವಾಕಿಟಾಕಿ ಟೆಸ್ಟಿಂಗ್ ನೋಡಿಕೊಳ್ಳುತ್ತೇನೆ. ಯುಎಚ್‌ಎಫ್ ಸೆಟ್, 450 ಮೆಗಾಹರ್ಟ್ಸ್ ಆಸುಪಾಸು, 12.5 ಕಿಲೋಹರ್ಟ್ಸ್ ಚಾನೆಲ್. ಹಳೆಯ ಬೋರ್ಡಿನಲ್ಲಿ ಟಿಸಿಎಕ್ಸ್‌ಒ ಇತ್ತು, ಅಂದರೆ ಬಿಸಿ ಏರಿಳಿದರೂ ಫ್ರೀಕ್ವೆನ್ಸಿಯನ್ನು ತಾನೇ ಸರಿಪಡಿಸಿಕೊಳ್ಳುವ ಕ್ರಿಸ್ಟಲ್ ಆಸಿಲೇಟರ್. ಒಂದೂವರೆ ಪಿಪಿಎಂ (ಹತ್ತು ಲಕ್ಷದಲ್ಲಿ ಒಂದೂವರೆ ಪಾಲು) ಒಳಗೆ ತಾನೇ ಸುಮ್ನೆ ನಿಲ್ಲುತ್ತಿತ್ತು. ಪರ್ಚೇಸ್‌ನವರ ಕಣ್ಣು ಅದರ ಬೆಲೆಯ ಮೇಲೆ ಬಿತ್ತು. ಸಾದಾ ಕ್ರಿಸ್ಟಲ್ ಹಾಕಿ, ಒಂದು ಥರ್ಮಿಸ್ಟರ್ ಇಡಿ, ಉಳಿದದ್ದನ್ನು ಫರ್ಮ್‌ವೇರ್ ನೋಡಿಕೊಳ್ಳುತ್ತೆ ಅಂತ ಮೀಟಿಂಗಲ್ಲಿ ತೀರ್ಮಾನ ಆಯಿತು. ಐಡಿಯಾ ತಪ್ಪಲ್ಲ. ಟಿಸಿಎಕ್ಸ್‌ಒ ಒಳಗೂ ನಡೆಯುವುದು ಹೆಚ್ಚು ಕಡಿಮೆ ಅದೇ. ಥರ್ಮಿಸ್ಟರ್ ಬಿಸಿ ಎಷ್ಟು ಅಂತ ಹೇಳುತ್ತೆ, ಯಾವ ಬಿಸಿಗೆ ಎಷ್ಟು ತಿದ್ದಬೇಕು ಅನ್ನುವ ಟೇಬಲ್ ನೋಡಿ ಡ್ಯಾಕ್ (ಅಂಕಿಯನ್ನು ವೋಲ್ಟೇಜ್ ಮಾಡುವ ಚಿಪ್) ವೋಲ್ಟೇಜ್ ಕೊಡುತ್ತೆ, ಆ ವೋಲ್ಟೇಜಿಗೆ ತಕ್ಕಂತೆ ಬದಲಾಗುವ ವ್ಯಾರಾಕ್ಟರ್ ಡಯೋಡ್ ಕ್ರಿಸ್ಟಲಿನ ಫ್ರೀಕ್ವೆನ್ಸಿಯನ್ನು ಜಾಗಕ್ಕೆ ಎಳೆಯುತ್ತೆ.

ಟೇಬಲ್ ಮಾಡುವ ಕೆಲಸ ನನ್ನದಾಗಿತ್ತು. ನಾವು ಬಳಸುವ ಎಟಿ ಕಟ್ ಜಾತಿಯ ಕ್ರಿಸ್ಟಲ್‌ನಲ್ಲಿ ಬಿಸಿಗೆ ಫ್ರೀಕ್ವೆನ್ಸಿ ಬದಲಾಗುವ ಗ್ರಾಫು ಮಲಗಿದ ಎಸ್ ತರ ಇರುತ್ತೆ. ನಮ್ಮ ಲಾಟಿನವು 25 ಡಿಗ್ರಿ ದಾಟಿದ ಮೇಲೆ ಫ್ರೀಕ್ವೆನ್ಸಿ ಕೆಳಗಿಳಿಸುತ್ತಾ ಹೋಗಿ, 55ರ ಹತ್ತಿರ ತಿರುಗುತ್ತಿದ್ದವು. ಬಿಸಿ ಏರಿಸಿ ಇಳಿಸುವ ಚೇಂಬರಿನಲ್ಲಿ ಐದೈದು ಡಿಗ್ರಿಗೆ ಒಂದು ಸ್ಟೆಪ್, ಪ್ರತಿ ಸ್ಟೆಪ್ಪಿಗೆ ಅರ್ಧ ಗಂಟೆ ಸೋಕ್ (ಅದೇ ಬಿಸಿಯಲ್ಲಿ ಸುಮ್ಮನೆ ಇಡುವುದು), ಆಮೇಲೆ ಪಿಟಿಟಿ, ಅಂದರೆ ಮಾತಾಡುವ ಬಟನ್, ಎರಡು ಸೆಕೆಂಡ್ ಒತ್ತಿ ಫ್ರೀಕ್ವೆನ್ಸಿ ಕೌಂಟರಿನ ರೀಡಿಂಗ್. ಎಲ್ಲ ಸೆಟ್ಟೂ 1 ಪಿಪಿಎಂ ಒಳಗೆ ಬಂತು. ಗ್ರಾಫ್ ಎಷ್ಟು ಚಂದ ಇತ್ತು ಅಂದರೆ ಮ್ಯಾನೇಜರ್ ಅದನ್ನು ಕಸ್ಟಮರ್ ಫೈಲಿಗೆ ಕಲರ್ ಪ್ರಿಂಟ್ ಹಾಕಿಸಿದರು.

ಮೊದಲ ಲಾಟ್ ಹೋಗಿದ್ದು ಶೂಳಗಿರಿ ಕಡೆಯ ಒಂದು ಗ್ರಾನೈಟ್ ಕ್ವಾರಿಗೆ. ಏಪ್ರಿಲ್. ದನಿ ಒಡೆಯುತ್ತಿದೆ ಅಂತ ಕಂಪ್ಲೇಂಟ್ ಬಂತು. ನಾನೂ ಮ್ಯಾನೇಜರೂ ಮಧ್ಯಾಹ್ನದ ಹೊತ್ತಿಗೆ ಅಲ್ಲಿ ತಲುಪಿದೆವು. ಕ್ವಾರಿಯ ಇನ್‌ಚಾರ್ಜ್ ನಮ್ಮ ಕಡೆಯವರೇ, ದೆಂಕಣಿಕೋಟೆಯವರು. "ಬನ್ನಿ ಸಾರ್, ನೀವೇ ಮಾತಾಡಿ ನೋಡಿ" ಅಂತ ಬಂಡೆ ಮೇಲೆ ಬಿಸಿಲಲ್ಲಿ ಇಟ್ಟಿದ್ದ ಸೆಟ್ ಎತ್ತಿ ಕೊಟ್ಟರು. ಕೈ ಚುರ್ ಅಂತು.

ನಾನು ಕೆಳಗಿನ ಆಫೀಸ್ ಶೆಡ್ಡಿಗೆ ಮಾತಾಡಿದೆ. ಚೆನ್ನಾಗಿ ಕೇಳಿಸುತ್ತಿದೆ ಅಂದರು. ಮ್ಯಾನೇಜರ್ ಮುಖ ಅರಳಿತು. ಇನ್‌ಚಾರ್ಜ್ ಅಣ್ಣ ಸೆಟ್ ಇಸ್ಕೊಂಡು ಲಾರಿ ನಂಬರುಗಳನ್ನು ಒಂದೊಂದಾಗಿ ಓದತೊಡಗಿದರು. ಅವರ ದಿನದ ಕೆಲಸವೇ ಅದು, ಪಿಟಿಟಿ ಬಿಡದೆ ಒಂದು ನಿಮಿಷ ಓದುತ್ತಾರೆ. ಅರ್ಧ ದಾಟುವಷ್ಟರಲ್ಲಿ ಶೆಡ್ಡಿನಿಂದ "ಕೇಳ್ತಿಲ್ಲ, ಒಡೀತಿದೆ" ಅಂತ ಫೋನ್ ಬಂತು. ಅವರು ಜೋರಾಗಿ ಓದಿದರು. ಇನ್ನೂ ಒಡೆಯಿತು. ಕಿರುಚಿದರು. ಆ ಕಡೆ ಬರೀ ಕರಕರ. ಮ್ಯಾನೇಜರ್ ನನ್ನ ಕಡೆ ತಿರುಗಿ ಏನೂ ಹೇಳಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಅನಿಸಿತು.

ಮೆತ್ತಗೆ ಮಾತಾಡಿದರೆ ಸರಿ, ಜೋರಾಗಿ ಮಾತಾಡಿದರೆ ಒಡೆಯುತ್ತೆ. ಎಫ್‌ಎಂ ಕೆಲಸ ಮಾಡಿದ ಯಾರಿಗಾದರೂ ಈ ಲಕ್ಷಣ ಸಾಕು. ಸೆಟ್ ಚಾನೆಲ್ಲಿನ ನಡುವೆ ಇಲ್ಲ, ದನಿ ಏರಿದಾಗ ಡೀವಿಯೇಷನ್ (ಮಾತಿಗೆ ಫ್ರೀಕ್ವೆನ್ಸಿ ಆಚೀಚೆ ತೂಗುವ ಅಳತೆ) ಹೆಚ್ಚಾಗಿ ಒಂದು ಪಕ್ಕ ರಿಸೀವರ್ ಫಿಲ್ಟರಿನ ಅಂಚಿಗೆ ಬಡಿಯುತ್ತಿದೆ ಅಂತ ಅರ್ಥ. ನನಗೆ ಹೊಳೆಯಲಿಲ್ಲ. ಆ ಕಲರ್ ಪ್ರಿಂಟ್ ತಲೆಯಲ್ಲಿ ಕೂತಿತ್ತು, ಹಾಗಾಗಿ ಫ್ರೀಕ್ವೆನ್ಸಿ ಬಿಟ್ಟು ಬೇರೆ ಎಲ್ಲದರ ಮೇಲೂ ಅನುಮಾನಪಟ್ಟೆ. ಆಂಟೆನಾ ಬದಲಾಯಿಸಿದೆ, ಏನೂ ಆಗಲಿಲ್ಲ. ಬ್ಯಾಗಿನ ತಳದಲ್ಲಿದ್ದ ಹೊಸ ಬ್ಯಾಟರಿ ಹುಡುಕಿ ತೆಗೆದು ಹಾಕಿದೆ. ದನಿ ಗಂಟೆ ಹೊಡೆದ ಹಾಗೆ ಬಂತು! "ನೋಡಿ ಸಾರ್, ಬ್ಯಾಟರಿ ಲಾಟ್ ಸರಿಯಿಲ್ಲ" ಅಂದೆ. ಎಲ್ಲರಿಗೂ ಸಮಾಧಾನ ಆಯಿತು. ಕ್ಯಾಂಟೀನಲ್ಲಿ ಮುದ್ದೆ ಊಟ ಹಾಕಿಸಿದರು.

ಹೊಸ ಬ್ಯಾಟರಿಯೊಂದಿಗೂ ಅದೇ ಕಂಪ್ಲೇಂಟ್ ವಾಪಸ್ ಬಂದಾಗ ಸೆಟ್ಟನ್ನು ಬೆಂಚಿಗೆ ತಂದು, ಸಿಗ್ನಲ್ ತಗ್ಗಿಸುವ ಅಟೆನ್ಯುಯೇಟರ್ ಮೂಲಕ ಕೌಂಟರಿಗೆ ಕೊಟ್ಟು, ಪಿಟಿಟಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಕೂತೆ. ಮೊದಲ ಕೆಲವು ಸೆಕೆಂಡ್ ನೆಟ್ಟಗಿತ್ತು. ಆಮೇಲೆ ಮೇಲಕ್ಕೆ ಹತ್ತತೊಡಗಿ ನಿಮಿಷದ ಹೊತ್ತಿಗೆ 1800 ಹರ್ಟ್ಸ್ ಹೋಯಿತು. 450 ಮೆಗಾಹರ್ಟ್ಸ್‌ನಲ್ಲಿ ಅದು 4 ಪಿಪಿಎಂ. ಇನ್ನೂ ಒತ್ತಿಯೇ ಇಟ್ಟರೆ ತಾನಾಗಿ ಇಳಿಯುತ್ತಾ ಬಂತು. ತಣ್ಣಗಿದ್ದ ಶೆಡ್ಡಿನ ಸೆಟ್ ಕೆಳಗಿನ ಕಡೆಗೆ ಸ್ವಲ್ಪ ವಾಲಿದ್ದರೂ ಸಾಕು, ಎರಡೂ ಸೇರಿ ದನಿ ಪುಡಿಪುಡಿ.

ಬಿಸಿಯಾದಂತೆ ಕೆಳಗಿಳಿಯಬೇಕಾದ ಕ್ರಿಸ್ಟಲ್ ಮೇಲೆ ಹತ್ತುವುದೆಂದರೆ ಯಾರೋ ಅದನ್ನು ಜಾಸ್ತಿ ಎಳೆಯುತ್ತಿದ್ದಾರೆ. ರಿಪೇರಿ ಬೆಂಚಿನ ಅಕ್ಕ ಫ್ರೀಜ್ ಸ್ಪ್ರೇ ತಂದು ಥರ್ಮಿಸ್ಟರ್ ಮೇಲೆ ಒಂದು ಚಿಮ್ಮು ಹೊಡೆದರು. ಫ್ರೀಕ್ವೆನ್ಸಿ ದಡಕ್ಕನೆ ಬಿತ್ತು. ಆಗ ಬೋರ್ಡ್ ಸರಿಯಾಗಿ ನೋಡಿದೆವು. ಟ್ರ್ಯಾಕ್ ಎಳೆಯಲು ಸಲೀಸು ಅಂತ ಥರ್ಮಿಸ್ಟರನ್ನು ಶೀಲ್ಡಿನ ಆ ಪಕ್ಕ, ಟ್ರಾನ್ಸ್‌ಮಿಟ್ ಮಾಡುವಾಗ ಬಿಸಿಯಾಗುವ ಪಿಎ (ಪವರ್ ಆಂಪ್ಲಿಫೈಯರ್) ಕಡೆ ಕೂರಿಸಿದ್ದರು. ಕ್ರಿಸ್ಟಲ್ ಈ ಪಕ್ಕ. ಒಲೆ ಮುಂದೆ ಕೂತವನನ್ನು ಸೆಕೆ ಎಷ್ಟು ಅಂತ ಕೇಳಿ, ಜಗುಲಿಯಲ್ಲಿ ಕೂತವನಿಗೆ ಬೀಸಣಿಗೆ ಬೀಸಿದ ಹಾಗಾಗಿತ್ತು. ಬ್ಯಾಟರಿ ಬದಲಾಯಿಸುವ ಆ ಒಂದೆರಡು ನಿಮಿಷದಲ್ಲಿ ಪಿಎ ತಣಿಯುತ್ತಿತ್ತು, ಥರ್ಮಿಸ್ಟರ್, ಕ್ರಿಸ್ಟಲ್ ಎರಡರ ಬಿಸಿಯ ಅಂತರ ಕಡಿಮೆಯಾಗುತ್ತಿತ್ತು. ಯಾವ ಬ್ಯಾಟರಿ ಹಾಕಿದ್ದರೂ, ಅದೇ ಹಳೆಯದನ್ನು ತೆಗೆದು ಹಾಕಿದ್ದರೂ ಸೆಟ್ ಮಾತಾಡುತ್ತಿತ್ತು.

ಚೇಂಬರಿನಲ್ಲಿ ಇದು ಸಿಗುವುದಿಲ್ಲ. ಅರ್ಧ ಗಂಟೆ ಸೋಕ್ ಆದ ಮೇಲೆ ಬೋರ್ಡಿನ ಎಲ್ಲ ಮೂಲೆಯೂ ಒಂದೇ ಬಿಸಿ. ಸೋಕ್ ಇರುವುದೇ ಅದಕ್ಕೆ. ನಮ್ಮ ಡ್ಯೂಟಿ ಸೈಕಲ್ ಲೆಕ್ಕವೂ 5-5-90, ಅಂದರೆ ನೂರರಲ್ಲಿ ಐದು ಪಾಲು ಮಾತ್ರ ಟ್ರಾನ್ಸ್‌ಮಿಟ್, ಐದು ಪಾಲು ರಿಸೀವ್, ಉಳಿದದ್ದು ಸುಮ್ಮನೆ. ಬ್ಯಾಟರಿ ಎಷ್ಟು ಗಂಟೆ ಬರುತ್ತೆ ಅಂತ ಹೇಳಲು ಇಟ್ಟುಕೊಂಡ ಲೆಕ್ಕ ಅದು. ಲಾರಿ ನಂಬರ್ ಓದುವವರು ಅದನ್ನು ಯಾಕೆ ಪಾಲಿಸಬೇಕು?

ಆಗಲೇ ಮಾಡಿದ್ದ ಬೋರ್ಡುಗಳನ್ನು ಎಸೆಯುವ ಹಾಗಿರಲಿಲ್ಲ. ಫರ್ಮ್‌ವೇರಿನ ಹುಡುಗ ಥರ್ಮಿಸ್ಟರ್ ರೀಡಿಂಗಿಗೆ ನಿಧಾನದ ಫಿಲ್ಟರ್ ಹಾಕಿದ, ಕ್ರಿಸ್ಟಲ್ ಬಿಸಿಯಾಗುವ ವೇಗಕ್ಕೇ ಲೆಕ್ಕವೂ ನಡೆಯಲಿ ಅಂತ. ಹೈ ಪವರಿಗೆ ಒಂದು, ಲೋ ಪವರಿಗೆ ಒಂದು ಟೈಮ್ ಕಾನ್‌ಸ್ಟಂಟ್ (ಎಷ್ಟು ನಿಧಾನ ಅನ್ನುವ ಅಳತೆ) ಬೆಂಚಲ್ಲಿ ಅಳೆದು ಕೊಟ್ಟೆ. ಎಳೆತ 1800ರಿಂದ 500 ಹರ್ಟ್ಸ್ ಒಳಗೆ ಬಂತು. ಪೂರ್ತಿ ಹೋಗಲಿಲ್ಲ. ಪ್ರತಿ ಬೋರ್ಡೂ ಒಂದೇ ತರ ಬಿಸಿಯಾಗಲ್ಲ, ಅಲ್ವಾ? ಹೊಸ ರಿವಿಷನ್ನಿನಲ್ಲಿ ಥರ್ಮಿಸ್ಟರ್ ಕ್ರಿಸ್ಟಲಿನ ಮಗ್ಗುಲಿಗೇ ಬಂದಿದೆ, ಎರಡರ ಸುತ್ತ ತಾಮ್ರ ಕತ್ತರಿಸಿ ಪಿಎ ಕಡೆಯಿಂದ ಬಿಸಿ ಹರಿಯದಂತೆ ಮಾಡಿದ್ದೇವೆ.

ಟೆಸ್ಟ್ ಶೀಟಿಗೆ ಒಂದು ಸಾಲು ಸೇರಿಸಿದ್ದೇನೆ: 45 ಡಿಗ್ರಿಯಲ್ಲಿ ಪಿಟಿಟಿ ಎರಡು ನಿಮಿಷ ಒತ್ತಿ ಹಿಡಿದು ಕೌಂಟರ್ ನೋಡು. ಇದರಿಂದ ದಿನದ ಔಟ್‌ಪುಟ್ ಕಮ್ಮಿ ಆಗುತ್ತೆ ಅಂತ ಪ್ರೊಡಕ್ಷನ್‌ನವರು ತಕರಾರು ತೆಗೆದಿದ್ದಾರೆ. ಹತ್ತಕ್ಕೆ ಒಂದು ಸೆಟ್ ನೋಡಿದರೆ ಸಾಲದೇ ಅಂತ ಮ್ಯಾನೇಜರ್ ಕೇಳಿದ್ದಾರೆ. ಸಾಲದು ಅಂತ ಮೇಲ್ ಹಾಕಿ ಬ್ಯಾಟರಿ ಲಾಟಿನ ರಿಜೆಕ್ಷನ್ ನೋಟ್ ಲಗತ್ತಿಸಿದ್ದೇನೆ. ಉತ್ತರ ಬಂದಿಲ್ಲ. ಆ ಬ್ಯಾಟರಿಗಳಿಗೆ ಪೇಮೆಂಟೂ ಆಗಿಲ್ಲ.