ತಣ್ಣಗಾದ ಚಹಾ, ಹತ್ತು ನಿಮಿಷ

ನಿನ್ನೆ ರಾತ್ರಿ ಕಾರವಾರದಲ್ಲಿ ಬಿಡದ ಮಳೆ. ಕಾಳಿ ಸೇತುವೆಯ ಆಚೆಯಿಂದ ಮೂರು ವರ್ಷದ ಮಗುವನ್ನು ಟವೆಲಿನಲ್ಲಿ ಸುತ್ತಿಕೊಂಡು ನಮ್ಮ ಆಸ್ಪತ್ರೆಗೆ ಬಂದರು. ಸುಡುವ ಜ್ವರ, ನಿಲ್ಲದ ಸೆಳೆತ. ನಮ್ಮ ಗಡಿಬಿಡಿಯೆಲ್ಲ ಮುಗಿದು ಮಗು ಜೋರಾಗಿ ಅತ್ತಾಗ, ಅಳು ಇಷ್ಟು ಇಂಪಾಗಿರುತ್ತದೆಯೇ ಅನ್ನಿಸಿತು.

ನಾನು ಮಲಗಲು ಓಡುವವಳಿದ್ದೆ. ಹಿರಿಯ ವೈದ್ಯರು ಬಿಡಲಿಲ್ಲ. ಸಿಸ್ಟರ್, ವಾರ್ಡಿನ ಅಣ್ಣ, ಸ್ನಾತಕೋತ್ತರ ಓದುತ್ತಿರುವ ನಾವಿಬ್ಬರು ಪಿ.ಜಿ. ವೈದ್ಯರು, ಎಲ್ಲರನ್ನೂ ಬೆಂಚಿನ ಮೇಲೆ ಕೂರಿಸಿ, ‘ಹತ್ತು ನಿಮಿಷ ಸಾಕು. ಯಾರ ತಪ್ಪು ಎಂಬುದು ಬೇಡ, ಏನಾಯಿತು ಎಂಬುದನ್ನಷ್ಟೇ ಹೇಳಿ’ ಎಂದರು.

ಸಿಸ್ಟರ್ ಚಹಾ ಲೋಟವನ್ನು ತಿರುಗಿಸುತ್ತಾ ಮೆಲ್ಲಗೆ ಹೇಳಿದರು: ‘ಡಾಕ್ಟರೇ, ನೀವು ಮಿಡಜೋಲಮ್ ಎಂದಿರಿ. ಎಷ್ಟು ಎಂದು ಹೇಳಲಿಲ್ಲ.’

ನಿಜ. ಮಕ್ಕಳಲ್ಲಿ ಎಲ್ಲವೂ ತೂಕದ ಲೆಕ್ಕ; ಸೆಳೆತ ನಿಲ್ಲಿಸುವ ಈ ಔಷಧ ರಕ್ತನಾಳಕ್ಕಾದರೆ ಕೆ.ಜಿ.ಗೆ 0.1 ಮಿಲಿಗ್ರಾಂ. ನಮ್ಮಲ್ಲಿ ಯಾರೂ ತೂಕವನ್ನೇ ಕೇಳಿರಲಿಲ್ಲ. ಅಮ್ಮನ ಕೈಯಲ್ಲಿ ನೆನೆದು ಮುದ್ದೆಯಾಗಿದ್ದ ತಾಯಿ ಕಾರ್ಡಿನಲ್ಲಿ 12 ಎಂದಿದ್ದನ್ನು ಓದಿ ಕೂಗಿದವನು ವಾರ್ಡಿನ ಅಣ್ಣ. ಸಿಸ್ಟರ್ 1.2 ಎಂದು ಎರಡು ಸಲ ಕೇಳಿ ಖಚಿತಪಡಿಸಿಕೊಂಡ ಮೇಲೆಯೇ ಸಿರಿಂಜ್ ಎತ್ತಿದ್ದರಂತೆ. ನನಗೆ ಅದು ಕೇಳಿಸಿದ ನೆನಪೂ ಇಲ್ಲ.

ಹೃದಯ ನಿಂತಾಗ ಎದೆಯೊತ್ತಲು ನಾವು ಇಬ್ಬರಿದ್ದರೆ ಮಕ್ಕಳಿಗೆ 15 ಒತ್ತಿಗೆ 2 ಉಸಿರು ಎಂಬುದು ನನಗೆ ನಿದ್ದೆಯಲ್ಲೂ ಬರುತ್ತದೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕವೂ ಉಂಟು. ಗಟ್ಟಿಯಾಗಿ, ಒಬ್ಬರನ್ನೇ ನೋಡಿ, ಪ್ರಮಾಣ ಸಮೇತ ಹೇಳುವುದಕ್ಕೆ ಇಲ್ಲ.

ಬೆಳಿಗ್ಗೆ ಹೋದಾಗ ಗೋಡೆಯ ಬಿಳಿ ಹಲಗೆಯ ಮೇಲೆ ‘ತೂಕ:’ ಎಂದು ಬರೆದು, ಪಕ್ಕದಲ್ಲಿ ಜಾಗ ಬಿಟ್ಟಿದ್ದರು. ಅಕ್ಷರ ಸಿಸ್ಟರ್ ಅವರದು.