ಪಿ.ಬಿ. ರೋಡಿನ ಪಿ ಮತ್ತು ಬಿ

ಹುಬ್ಬಳ್ಳಿ-ಧಾರವಾಡದಲ್ಲಿ ಪಿ.ಬಿ. ರೋಡ್ ಎಲ್ಲಿದೆ ಅಂದರೆ ಯಾರಾದರೂ ಕೈ ತೋರಿಸುತ್ತಾರೆ. ಪಿ.ಬಿ. ಅಂದರೇನು ಅಂತ ಕೇಳಿದರೆ ಅರ್ಧ ಮಂದಿ ತಲೆ ಕೆರೆದುಕೊಳ್ಳುತ್ತಾರೆ. ಪೂನಾ-ಬೆಂಗಳೂರು ರೋಡ್, ಅಷ್ಟೇ. ಪೂನಾ ಹೋಗಿ ಪುಣೆ ಆಯಿತು. 2014ರ ನವೆಂಬರ್ 1ಕ್ಕೆ ಬ್ಯಾಂಗಲೋರ್ ಇಂಗ್ಲಿಷಿನಲ್ಲೂ ಬೆಂಗಳೂರಾಯಿತು, ಅದೇ ದಿನ ಹುಬ್ಳಿ ಹುಬ್ಬಳ್ಳಿಯಾಯಿತು. ಹೆದ್ದಾರಿಯ ನಂಬರು 4 ಇದ್ದದ್ದು 48 ಆಯಿತು, ಲಾರಿಗಳು ಬೈಪಾಸ್ ಹಿಡಿದವು. ಪಿ ಮತ್ತು ಬಿ ಮಾತ್ರ ಅಲುಗಲಿಲ್ಲ. ಎರಡೂ ಊರಿನ ಹೊಸ ಹೆಸರು ಹಳೇ ಅಕ್ಷರದಿಂದಲೇ ಶುರುವಾಗುತ್ತವಲ್ಲ!

ಇದೇ ಅದೃಷ್ಟ ಬೆಂಗಳೂರಿನ ಎ.ವಿ. ರೋಡಿಗೂ ಸಿಕ್ಕಿತ್ತು. ಅದು ಮೊದಲು ರಾಣಿ ವಿಕ್ಟೋರಿಯಾಳ ಮೊಮ್ಮಗ ಆಲ್ಬರ್ಟ್ ವಿಕ್ಟರ್‌ನ ಹೆಸರಿನ ರಸ್ತೆ, ಈಗ ನಮ್ಮ ಧಾರವಾಡದ ಆಲೂರು ವೆಂಕಟರಾಯರದು. ಬಾಯಲ್ಲಿ ಎ.ವಿ. ಅಂತಲೇ ಉಳಿಯಿತು, ಜಗಳಕ್ಕೆ ಆಸ್ಪದವೇ ಇಲ್ಲ. ಅದೇ ಆಲೂರರ ಹೆಸರನ್ನು ಧಾರವಾಡದ ಜುಬಿಲಿ ಸರ್ಕಲ್‌ಗೂ ಇಟ್ಟಿದ್ದಾರೆ. ಇಲ್ಲಿ ಅಕ್ಷರ ಕೂಡಿಬರಲಿಲ್ಲ. ಹುಬ್ಬಳ್ಳಿ-ಧಾರವಾಡದ ನಡುವೆ 2018ರಲ್ಲಿ ಓಡಲು ಶುರುವಾದ ಚಿಗರಿ ಅನ್ನುವ ವೇಗದ ಬಸ್ಸಿನ ನಿಲ್ದಾಣ ‘ಜುಬಿಲಿ ಸರ್ಕಲ್’ ಅಂತಲೇ ಆಯಿತು. ನನ್ನ ಮಟ್ಟಿಗೆ, ಒಂದು ಹೆಸರು ಉಳಿಯುತ್ತದೋ ಇಲ್ಲವೋ ಅನ್ನುವುದು ತೀರ್ಮಾನವಾಗುವುದು ಪಾಲಿಕೆ ಸಭೆಯಲ್ಲಲ್ಲ, ಬಸ್ಸಿನಲ್ಲಿ. ‘ಜುಬ್ಲಿ ಸರ್ಕಲ್ ಯಾರ್ ಇಳಿಯೋರ್ರೀ’ ಅಂತ ಒಂದೇ ಉಸಿರಿಗೆ ಕೂಗಬಹುದು. ‘ಆಲೂರು ವೆಂಕಟರಾವ್ ವೃತ್ತ’ ಅಂತ ಕೂಗಿ ಮುಗಿಸುವಷ್ಟರಲ್ಲಿ ಇಳಿಯುವವರು ಇಳಿದು ರಸ್ತೆ ದಾಟಿರುತ್ತಾರೆ.

ಹುಬ್ಬಳ್ಳಿಯ ಲ್ಯಾಮಿಂಗ್ಟನ್ ರೋಡಿನ ಲ್ಯಾಮಿಂಗ್ಟನ್ 1903ರಿಂದ 1907ರವರೆಗೆ ಮುಂಬೈ ಪ್ರಾಂತದ ಗವರ್ನರ್. ಧಾರವಾಡ ಜಿಲ್ಲೆ 1956ರ ತನಕ ಮುಂಬೈ ಕಡೆಗೇ ಇತ್ತು, ಹಾಗಾಗಿ ಒಬ್ಬನೇ ಗವರ್ನರ್‌ಗೆ ಮುಂಬೈಯಲ್ಲೊಂದು ರಸ್ತೆ, ಹುಬ್ಬಳ್ಳಿಯಲ್ಲೊಂದು ರಸ್ತೆ. (ಇಲ್ಲಿಗೆ ಬರುವ ಮುಂಚೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿದ್ದ. ಅಲ್ಲಿ ಕೊಬ್ಬರಿ ತುರಿ ಹಚ್ಚಿದ ಕೇಕಿಗೆ ಲ್ಯಾಮಿಂಗ್ಟನ್ ಅಂತಾರೆ.) ಮುಂಬೈಯವರು ತಮ್ಮ ರಸ್ತೆಯನ್ನು ಡಾ. ದಾದಾಸಾಹೇಬ ಭಡಕಮಕರ ಮಾರ್ಗ ಅಂತ ಬದಲಿಸಿದರು. ಎಲೆಕ್ಟ್ರಾನಿಕ್ಸ್ ಸಾಮಾನು ತರಲು ಹೋಗುವವರು ಇವತ್ತಿಗೂ ಲ್ಯಾಮಿಂಗ್ಟನ್ ರೋಡ್ ಅಂತಲೇ ಕೇಳುತ್ತಾರೆ. ಹೊಸ ಹೆಸರಿನ ತಪ್ಪೇನಿಲ್ಲ, ಉದ್ದವಾಯಿತು ಅಷ್ಟೇ.

ಹಾಗಂತ ಹಳೇ ಹೆಸರೆಲ್ಲ ಇಂಗ್ಲಿಷರದ್ದೂ ಅಲ್ಲ, ಪರದೇಶದವರದ್ದೆಲ್ಲ ಅಳಿಸಬೇಕಾದದ್ದೂ ಅಲ್ಲ. ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಜರ್ಮನಿಯ ಕಿಟ್ಟೆಲ್ ಹೆಸರಿನ ಕಾಲೇಜು ಧಾರವಾಡದಲ್ಲಿದೆ, ಅದನ್ನು ಯಾರೂ ಪರಕೀಯ ಅನ್ನುವುದಿಲ್ಲ. ಗಲ್ಲಿ, ಚೌಕ, ನಾಕಾ ಇವೆಲ್ಲ ಮರಾಠಿ ಆಡಳಿತದ ಜೊತೆ ಒಡನಾಡಿದ ಮಾತು. ವೀರಾಪುರ ಓಣಿ, ಬೊಮ್ಮಾಪುರ ಓಣಿ ಇವು ಊರೊಳಗೆ ಸೇರಿಹೋದ ಹಳ್ಳಿಗಳ ಗುರುತು. ನಾಕಾ ಅಂದರೆ ಊರೊಳಗೆ ಬರುವ ಸರಕಿಗೆ ಜಕಾತಿ ವಸೂಲಿ ಮಾಡುತ್ತಿದ್ದ ಕಟ್ಟೆ. ಕರ್ನಾಟಕದಲ್ಲಿ ಜಕಾತಿ ನಿಂತದ್ದು 1979ರಲ್ಲಿ. ಗದಗಿನ ಮುಳಗುಂದ ನಾಕಾ, ಹಾತಲಗೇರಿ ನಾಕಾ ಹಾಗೇ ಇವೆ. ಧಾರವಾಡದ ಟೋಲ್ ನಾಕಾ ಅಂತೂ ಒಂದೇ ಮಾತನ್ನು ಎರಡು ಭಾಷೆಯಲ್ಲಿ ಎರಡು ಸಲ ಹೇಳುತ್ತದೆ.

ಈಗ ಕಾಗದದ ಕೆಲಸಕ್ಕೆ ಬರೋಣ. ಊರಿನ ಹೆಸರು ಬದಲಿಸಲು ಕೇಂದ್ರ ಗೃಹ ಇಲಾಖೆಯ ಒಪ್ಪಿಗೆ ಬೇಕು. ಅವರು ರೈಲ್ವೆ, ಅಂಚೆ, ಸರ್ವೆ ಆಫ್ ಇಂಡಿಯಾ ಎಲ್ಲರನ್ನೂ ಕೇಳುತ್ತಾರೆ. ರಸ್ತೆಗೆ ಅಷ್ಟು ದೂರ ಹೋಗಬೇಕಿಲ್ಲ. ವಾರ್ಡಿನ ಸದಸ್ಯರ ಮೂಲಕವೋ ಸಂಘದ ಮೂಲಕವೋ ಪಾಲಿಕೆಗೆ ಅರ್ಜಿ, ಸಾಮಾನ್ಯ ಸಭೆಯಲ್ಲಿ ಠರಾವು (ನಿರ್ಣಯ), ಸಾರ್ವಜನಿಕ ಆಕ್ಷೇಪಣೆಗೆ ಪ್ರಕಟಣೆ, ಆಮೇಲೆ ಬೋರ್ಡು. ಕೆಡುವುದು ಬಹಳ ಸಲ ಅರ್ಜಿಯಲ್ಲೇ. ‘ಇಂಥ ಓಣಿಯ ಮುಖ್ಯ ರಸ್ತೆಗೆ ಇಂಥವರ ಹೆಸರು ಇಡಬೇಕು’ ಅಂತ ಬರೆದುಬಿಡುತ್ತಾರೆ, ಎಲ್ಲಿಂದ ಎಲ್ಲಿತನಕ ಅಂತ ಬರೆಯುವುದಿಲ್ಲ. ಹತ್ತು ವರ್ಷ ಕಳೆದ ಮೇಲೆ ಅದೇ ರಸ್ತೆಯ ಇನ್ನೊಂದು ತುದಿಗೆ ಮತ್ತೊಂದು ಠರಾವು. ನಡುವಿನ ನಾಲ್ಕು ಮನೆಯವರಿಗೆ ಎರಡು ವಿಳಾಸ. ಆದ್ದರಿಂದ ಎರಡೂ ತುದಿಯಲ್ಲಿ ನಾಳೆ ಬಿದ್ದುಹೋಗದಂಥ ಗುರುತು ಬರೆಯಿರಿ: ಕೂಡುರಸ್ತೆ, ಗುಡಿ, ರೈಲ್ವೆ ಗೇಟು, ಹಳ್ಳದ ಸೇತುವೆ. ಅಂಗಡಿ ಹೆಸರು ಬೇಡ, ಬೇವಿನ ಗಿಡವೂ ಬೇಡ. ಈಗಿರುವ ಹೆಸರು ಯಾವುದು, ಹೊಸದನ್ನು ಕನ್ನಡದಲ್ಲಿ ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕು ಅನ್ನುವುದೂ ಠರಾವಿನಲ್ಲೇ ಬರಲಿ. ಇಲ್ಲದಿದ್ದರೆ ಪೇಂಟರ್ ಬರೆದದ್ದೇ ಕಾಗುಣಿತ. ‘ಸುಭಾಷ’, ‘ಸುಭಾಸ್’, ‘ಸುಬಾಷ’ ಮೂರೂ ಒಂದೇ ರಸ್ತೆಯಲ್ಲಿ ಕಾಣಬಹುದು.

ಸರ್ಕಲ್‌ಗೆ ಹೆಸರಿಡುವುದು ಸುಲಭ, ರಸ್ತೆಗೆ ಕಷ್ಟ. ಸರ್ಕಲ್‌ನಲ್ಲಿ ಯಾರ ಮನೆಯೂ ಇಲ್ಲ. ಮೂರ್ತಿಯೊಂದು ನಿಂತರೆ ಹೆಸರಿಗೆ ತಾನೇ ಮುಖ ಬರುತ್ತದೆ. ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ ಹಾಗೆ ಗಟ್ಟಿಯಾಯಿತು. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಸತ್ತ ಥ್ಯಾಕರೆ ಧಾರವಾಡದ ಕಲೆಕ್ಟರ್, ಅವಳಿ ನಗರದ ದೊಡ್ಡ ಕೂಡುರಸ್ತೆ ಮಾತ್ರ ಅವನನ್ನು ಸೋಲಿಸಿದ ರಾಣಿಯದು. ಹೊಸ ಬಡಾವಣೆ ಇನ್ನೂ ಸುಲಭ. ಅಲ್ಲಿ ಅಳಿಸಲಿಕ್ಕೆ ಏನೂ ಇಲ್ಲ, ಮೊದಲು ಇಟ್ಟದ್ದೇ ನಿಲ್ಲುತ್ತದೆ. ಹಳೇ ರಸ್ತೆಯ ಹೆಸರು ಹಾಗಲ್ಲ, ಖರೀದಿ ಪತ್ರ, ಕರದ ಪಾವತಿ, ಲೈಟ್ ಬಿಲ್, ಬ್ಯಾಂಕ್ ಪಾಸ್‌ಬುಕ್, ಎಲ್ಲದರಲ್ಲೂ ಕೂತಿರುತ್ತದೆ.

ರೈಲ್ವೆಯವರು ಈ ಪೇಚನ್ನು ಚೆನ್ನಾಗಿ ಬಿಡಿಸಿದ್ದಾರೆ. ಹುಬ್ಬಳ್ಳಿ ನಿಲ್ದಾಣ 2020ರಲ್ಲಿ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣವಾಯಿತು, ಕೋಡ್ ಮಾತ್ರ ಯುಬಿಎಲ್ ಇದ್ದದ್ದು ಯುಬಿಎಲ್. ಟಿಕೆಟ್ ತೆಗೆಯುವವನಿಗೆ ಒಂದಕ್ಷರದ ತೊಂದರೆ ಇಲ್ಲ. ಅಂಚೆಯಲ್ಲೂ ಹಾಗೇ. 1972ರಲ್ಲಿ ಬಂದ ಪಿನ್ ಕೋಡ್‌ನ 580 ಸರಣಿ ಸರಿಯಿದ್ದರೆ ರಸ್ತೆ ಹೆಸರು ಹಳತಾದರೂ ಕಾಗದ ಮುಟ್ಟುತ್ತದೆ.

ಆಸ್ತಿಯ ವಿಷಯದಲ್ಲಿ ನಮ್ಮ ಕಡೆ ಒಂದು ನೆಮ್ಮದಿ ಇದೆ. ಹುಬ್ಬಳ್ಳಿ-ಧಾರವಾಡದ ಹಳೇ ಭಾಗದ ಜಾಗಗಳಿಗೆ ಸಿಟಿ ಸರ್ವೆಯ ಸಿ.ಟಿ.ಎಸ್. ನಂಬರಿದೆ. ಉತಾರದಲ್ಲಿ, ಅಂದರೆ ಆಸ್ತಿಯ ದಾಖಲೆ ಪ್ರತಿಯಲ್ಲಿ, ಆಸ್ತಿ ಗುರುತಾಗುವುದು ಆ ನಂಬರಿನಿಂದ, ರಸ್ತೆ ಹೆಸರಿನಿಂದ ಅಲ್ಲ. ತೊಡಕು ಬರುವುದು ಚಕ್ಕುಬಂದಿಯಲ್ಲಿ, ಅಂದರೆ ಜಾಗದ ನಾಲ್ಕೂ ದಿಕ್ಕಿನ ಗಡಿ ಬರೆಯುವಲ್ಲಿ. ಅಜ್ಜನ ಕಾಲದ ಪತ್ರದಲ್ಲಿ ‘ಪೂರ್ವಕ್ಕೆ ಇಂಥ ರಸ್ತೆ’ ಅಂತ ಹಳೇ ಹೆಸರಿರುತ್ತದೆ, ಇವತ್ತು ಮಾರುವಾಗ ಬೋರ್ಡಿನ ಮೇಲೆ ಬೇರೆ ಹೆಸರು. ಸಾಲ ಕೊಡುವ ಬ್ಯಾಂಕಿನ ವಕೀಲರು ಅಲ್ಲಿ ಗೆರೆ ಎಳೆದು ವಾಪಸ್ ಕಳಿಸುತ್ತಾರೆ. ಹೊಸ ಹೆಸರೊಂದನ್ನೇ ಬರೆಸಬೇಡಿ, ಹಳೇದೊಂದನ್ನೇ ನಕಲು ಮಾಡಿಸಲೂ ಬೇಡಿ. ಪತ್ರ ಬರೆದುಕೊಡುವವನು ಪಳಗಿದ ಬಾಂಡ್ ರೈಟರ್ ಆದರೆ ಕೇಳದೆಯೇ ಎರಡನ್ನೂ ಬರೆದು ನಡುವೆ ‘ಉರ್ಫ್’ ಹಾಕುತ್ತಾನೆ, ಪಕ್ಕದಲ್ಲಿ ಸಿ.ಟಿ.ಎಸ್. ನಂಬರು. ಠರಾವಿನ ಪ್ರತಿ ಸಿಕ್ಕರೆ ಅದರ ನಂಬರು, ತಾರೀಖು ಕೂಡ ಅದೇ ಸಾಲಿನಲ್ಲಿ ಸೇರಿಸಿ. ಪ್ರತಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು, 10 ರೂಪಾಯಿ.